2 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್: ಇಟ್ಟುಕೊಳ್ಳಲಾ, ವಾಪಸ್ ಕಳಿಸಲಾ?

ಅರ್ಧಚಾರ್ಜ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಾರದ ಹಿಂದೆ 2 ಟಿಬಿಯ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್ ತಗೊಂಡೆ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು, ಅಡಾಪ್ಟರ್ ಬೇಡ, ಯುಎಸ್‌ಬಿ ಕೇಬಲ್ ಒಂದಿದ್ದರೆ ಸಾಕು, ಆ ತರಹದ್ದು. ನನ್ನ ಲ್ಯಾಪ್‌ಟಾಪ್‌ನಲ್ಲಿರೋದು 256 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್ಪಿನಲ್ಲಿ ಡೇಟಾ ಇಡುವ ಡಿಸ್ಕ್). ಅದು ವರ್ಷವಿಡೀ ಕೆಂಪು ಗೆರೆಯಲ್ಲೇ ಇರುತ್ತದೆ. ಫೋಟೋ, ವಿಡಿಯೋ, ಹಳೇ ಕೆಲಸದ ಫೈಲು, ಸ್ಕ್ಯಾನ್ ಮಾಡಿಟ್ಟ ಕಾಗದಪತ್ರ ಎಲ್ಲವನ್ನೂ ಇದಕ್ಕೆ ಸಾಗಿಸಿ ಲ್ಯಾಪ್‌ಟಾಪ್ ಹಗುರ ಮಾಡೋಣ ಅಂತ ಯೋಚನೆ. ದಿನಾ ಬಳಸೋಕೆ ಬೇಕು, ಬೀರುವಿನಲ್ಲಿಟ್ಟು ಮರೆಯೋಕೆ ಅಲ್ಲ.

ವಾಪಸ್ ಕಳಿಸೋಕೆ ಇನ್ನು ಮೂರು ದಿನ ಉಳಿದಿದೆ. ಈ ವಾರದಲ್ಲಿ ಕಂಡಿದ್ದನ್ನೆಲ್ಲ ಹೇಳುತ್ತೇನೆ, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ತಿಳಿದವರು ಹೇಳಿ.

ಮೊದಲನೇದು, ಚುಚ್ಚಿದ ಕೂಡಲೇ 1.81 ಟಿಬಿ ಅಂತ ತೋರಿಸಿತು. ಉಳಿದದ್ದು ಎಲ್ಲಿ ಹೋಯಿತು? ಎರಡನೇದು ಸ್ಪೀಡು. ಒಂದು ದೊಡ್ಡ ವಿಡಿಯೋ ಫೈಲ್ ಹಾಕಿದಾಗ ಸೆಕೆಂಡಿಗೆ 125 ಎಂಬಿ ಬಂತು, ಖುಷಿಯಾಯಿತು. ಆಮೇಲೆ 90 ಜಿಬಿಯ ಫೋಟೋ ಫೋಲ್ಡರ್ ಕಾಪಿಗೆ ಹಾಕಿದೆ, ಸುಮಾರು 42 ಸಾವಿರ ಫೈಲುಗಳು. ಸ್ವಲ್ಪ ಹೊತ್ತು ಚೆನ್ನಾಗೇ ಓಡಿ ಆಮೇಲೆ 20ಕ್ಕೆ ಇಳಿಯಿತು, ನಡುನಡುವೆ ಸೊನ್ನೆ. ಸೊನ್ನೆಯಲ್ಲಿ ನಾಲ್ಕೈದು ಸೆಕೆಂಡ್ ನಿಂತು ಮತ್ತೆ ಏಳುತ್ತಿತ್ತು. ಮೂರನೇದು, ಸುಮ್ನೆ ಬಿಟ್ಟರೆ ಒಳಗಿನಿಂದ ಒಂದು ಸಲ ಟಿಕ್ ಅನ್ನುತ್ತದೆ, ಆಮೇಲೆ ಫೋಲ್ಡರ್ ತೆರೆಯಲು ಹೋದರೆ ಐದಾರು ಸೆಕೆಂಡ್ ಕಾಯಿಸುತ್ತದೆ. ನಾಲ್ಕನೇದು ನನಗೆ ನಿಜವಾಗಿ ಭಯ ಹುಟ್ಟಿಸಿದ್ದು: ಮೊನ್ನೆ ಲ್ಯಾಪ್‌ಟಾಪನ್ನು ತೊಡೆ ಮೇಲೆ ಸ್ವಲ್ಪ ಸರಿಸಿದೆ ಅಷ್ಟೇ, ಡಿಸ್ಕ್ ತಾನಾಗೇ ಮಾಯವಾಗಿ ಎರಡು ಸೆಕೆಂಡ್ ಬಿಟ್ಟು ಮತ್ತೆ ಕಾಣಿಸಿಕೊಂಡಿತು.

ಇದನ್ನು ನಂಬಬಹುದಾ? ಇಲ್ಲಾ ಜಾಗ ಕಡಿಮೆಯಾದರೂ ಪರವಾಗಿಲ್ಲ ಅಂತ ಪೋರ್ಟಬಲ್ ಎಸ್‌ಎಸ್‌ಡಿಗೆ ಹೋಗಲಾ?

ಹಳೇತಟ್ಟೆ:

ಆ 1.81 ವಿಷಯ ಮೊದಲು ಮುಗಿಸಿಬಿಡೋಣ. ಯಾರೂ ಕದ್ದಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. 2 ಟಿಬಿ ಅಂದರೆ ಎರಡು ಲಕ್ಷ ಕೋಟಿ ಬೈಟ್. ಅದನ್ನು 1024ರಿಂದ ನಾಲ್ಕು ಸಲ ಭಾಗಿಸಿ ನೋಡಿ, 1.81 ಚಿಲ್ಲರೆ ಬರುತ್ತದೆ. ಅದೇ ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ 2 ಟಿಬಿ ಅಂತಲೇ ತೋರಿಸುತ್ತದೆ, ಅಲ್ಲಿ ಸಾವಿರದ ಲೆಕ್ಕ.

ಸ್ಪೀಡಿನಲ್ಲಿ ಎರಡು ವಿಷಯ ಬೆರೆತಿವೆ. ಒಂದು ಫೈಲುಗಳ ಸಂಖ್ಯೆ. ಈ ಡಿಸ್ಕುಗಳು ಹೆಚ್ಚಾಗಿ ನಿಮಿಷಕ್ಕೆ 5400 ಸುತ್ತು ತಿರುಗುವಂಥವು, ಅಂದರೆ ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಆಯಿತು. ಪ್ರತಿ ಫೋಟೋಗೂ ಹೆಡ್ಡು, ಅಂದರೆ ಒಳಗೆ ತಿರುಗುವ ತಟ್ಟೆಯ ಮೇಲೆ ಓದಿ ಬರೆಯುವ ಭಾಗ, ಫೈಲ್ ಬರೆಯುವ ಜಾಗಕ್ಕೆ ಹೋಗಬೇಕು, ಅದರ ಹೆಸರು, ವಿವರ ದಾಖಲಿಸಲು ಇನ್ನೊಂದು ಜಾಗಕ್ಕೆ ಓಡಬೇಕು, ವಾಪಸ್ ಬರಬೇಕು. ಇದು 42 ಸಾವಿರ ಸಲ. ಅದೇ ಒಂದೇ ದೊಡ್ಡ ವಿಡಿಯೋ ಆದರೆ ಹೆಡ್ಡು ಒಂದು ಕಡೆ ಕೂತು ಸರಾಗವಾಗಿ ಬರೆದುಕೊಂಡು ಹೋಗುತ್ತದೆ.

ಆದರೆ ಸೊನ್ನೆಗೆ ಇಳಿದು ನಿಲ್ಲುವುದಕ್ಕೆ ಕಾರಣ ಬೇರೆ ಇರಬೇಕು. ಈಗ ಬರುವ 1 ಟಿಬಿಗಿಂತ ಮೇಲಿನ ಸಣ್ಣ ಪೋರ್ಟಬಲ್ ಡಿಸ್ಕುಗಳಲ್ಲಿ ಬಹುತೇಕ ಎಲ್ಲವೂ ಎಸ್‌ಎಂಆರ್ ಅನ್ನುವ ವಿಧಾನದಲ್ಲಿ ಬರೆಯುವಂಥವು. ಮನೆ ಮೇಲೆ ಹೆಂಚು ಹೊದಿಸುವುದನ್ನು ನೆನಪಿಸಿಕೊಳ್ಳಿ: ಒಂದು ಹೆಂಚಿನ ಅಂಚು ಇನ್ನೊಂದರ ಮೇಲೆ ಬರುತ್ತದೆ. ಇದರಲ್ಲಿ ಟ್ರ್ಯಾಕುಗಳನ್ನು, ಅಂದರೆ ತಟ್ಟೆಯ ಮೇಲೆ ಡೇಟಾ ಬರೆಯುವ ಗೆರೆಗಳನ್ನು, ಹಾಗೇ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಬರೆಯುತ್ತಾರೆ, ಅಷ್ಟೇ ಜಾಗದಲ್ಲಿ ಜಾಸ್ತಿ ಹಿಡಿಸಲಿ ಅಂತ. ಓದುವಾಗ ತೊಂದರೆ ಇಲ್ಲ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮಾತ್ರ ಅದರ ಮೇಲೆ ಹತ್ತಿ ಕೂತಿರುವುದನ್ನೆಲ್ಲ ಎತ್ತಿ ಮತ್ತೆ ಜೋಡಿಸಬೇಕಲ್ವಾ, ಆ ಕೆಲಸವೇ ಇಲ್ಲೂ. ಅದಕ್ಕೆ ಡಿಸ್ಕು ಬಂದದ್ದನ್ನೆಲ್ಲ ಮೊದಲು ಒಂದು ಬೇರೆ ಜಾಗದಲ್ಲಿ ಗುಡ್ಡೆ ಹಾಕಿಕೊಂಡು, ಬಿಡುವಾದಾಗ ಸರಿಯಾದ ಜಾಗಕ್ಕೆ ಸಾಗಿಸುತ್ತದೆ. ನೀವು ಬಿಡುವು ಕೊಡದೆ ಸುರಿಯುತ್ತಲೇ ಇದ್ದರೆ ಗುಡ್ಡೆ ತುಂಬಿ "ಸ್ವಲ್ಪ ತಡೀರಿ" ಅನ್ನುತ್ತದೆ. ನಿಮಗೆ ಕಂಡ ಸೊನ್ನೆ ಅದೇ.

ಎರಡರಲ್ಲಿ ಯಾವುದರ ಪಾಲು ಎಷ್ಟು ಅಂತ ತಿಳಿಯೋದು ಸುಲಭ. ಅದೇ ಫೋಟೋಗಳಲ್ಲಿ ಒಂದು 20 ಜಿಬಿಯನ್ನು ಕುಗ್ಗಿಸದೆ ಒಂದೇ ಜಿಪ್ ಫೈಲ್ ಮಾಡಿ ಕಾಪಿ ಹಾಕಿ. ಪೂರ್ತಿ ಸರಾಗವಾಗಿ ಹೋದರೆ ಕಾಟ ಕೊಟ್ಟದ್ದು ಸಣ್ಣ ಫೈಲುಗಳು. ಯಾವುದೇ ಆಗಲಿ, ಇದು ಡಿಸ್ಕಿನ ದೋಷವಲ್ಲ, ಜಾತಿಗುಣ. ಮೊದಲ ದಿನ ತುಂಬುವಾಗ ಗೋಳಾಡಿಸುತ್ತದೆ, ಆಮೇಲೆ ದಿನಕ್ಕೆ ಒಂದೋ ಎರಡೋ ಜಿಬಿ ಹಾಕಿದರೆ ನಿಮಗೆ ಗೊತ್ತೇ ಆಗಲ್ಲ.

ಟಿಕ್ ಶಬ್ದವೂ ಅಷ್ಟೆ. ಕೆಲಸ ಇಲ್ಲದಾಗ ಹೆಡ್ಡು ತಟ್ಟೆಯಿಂದ ಆಚೆ ಹೋಗಿ ಕೂರುತ್ತದೆ, ತಟ್ಟೆ ತಿರುಗುವುದೂ ನಿಲ್ಲುತ್ತದೆ, ಮತ್ತೆ ಕೆಲಸ ಕೊಟ್ಟಾಗ ತಿರುಗಿ ವೇಗ ಹಿಡಿಯೋಕೆ ಆ ಐದಾರು ಸೆಕೆಂಡ್. ಒಂದು ಟಿಕ್‌ಗೆ ಹೆದರಬೇಡಿ. ಟಿಕ್ ಟಿಕ್ ಟಿಕ್ ಅಂತ ಒಂದೇ ತಾಳದಲ್ಲಿ ಬಡಿಯುತ್ತಾ ಡಿಸ್ಕ್ ಕಾಣಿಸದೇ ಹೋದರೆ ಆಗ ಹೆದರಿ, ತಕ್ಷಣ ಕೇಬಲ್ ಕೀಳಿ.

ಕಾಲುತಗುಲಿ:

ಎಲ್ಲರೂ ಸ್ಪೀಡು ಸ್ಪೀಡು ಅಂತಿದ್ದೀರಿ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ. "ಲ್ಯಾಪ್‌ಟಾಪ್ ಹಗುರ ಮಾಡೋಣ" ಅಂದಿರಲ್ಲ, ಅಂದರೆ ಡಿಸ್ಕಿಗೆ ಹಾಕಿದ ಮೇಲೆ ಲ್ಯಾಪ್‌ಟಾಪ್‌ನಿಂದ ಅಳಿಸುತ್ತೀರಾ? ಹೌದು ಅಂತಾದರೆ ನಿಮ್ಮ ಹತ್ತಿರ ಇರುವುದು ಒಂದೇ ಪ್ರತಿ. ಅದಕ್ಕೆ ಬ್ಯಾಕಪ್ ಅನ್ನಲ್ಲ. ಇದ್ದ ಮನೆಯಿಂದ ಇನ್ನೊಂದು ಮನೆಗೆ ಹೋದಿರಿ, ಅಷ್ಟೇ.

ನನ್ನ ಹೆಸರು ನೋಡಿ. ಮೂರು ವರ್ಷದ ಹಿಂದೆ ಮೇಜಿನ ಮೇಲೆ ಡಿಸ್ಕ್ ಕಾಪಿ ಮಾಡುತ್ತಾ ಕೂತಿತ್ತು, ಕೇಬಲ್ ಪಕ್ಕಕ್ಕೆ ಜೋತು ಬಿದ್ದಿತ್ತು, ನಾನು ಫೋನಿನಲ್ಲಿ ಮಾತಾಡುತ್ತಾ ಎದ್ದೆ. ಕಾಲಿಗೆ ಕೇಬಲ್ ಸಿಕ್ಕಿ ಡಿಸ್ಕ್ ನೆಲಕ್ಕೆ ಬಿತ್ತು. ಎರಡೂವರೆ ಅಡಿ ಎತ್ತರ, ಅದೂ ತೆಳು ಚಾಪೆ ಮೇಲೆ. ಹೊರಗೆ ಒಂದು ಗೀರೂ ಇಲ್ಲ. ಮತ್ತೆ ಚುಚ್ಚಿದಾಗ ಮೇಲೆ ಹೇಳಿದ ಆ ತಾಳ ಶುರುವಾಯಿತು. ನಿಂತ ಡಿಸ್ಕ್ ಬಿದ್ದರೆ ಬದುಕುವ ಸಾಧ್ಯತೆ ಸಾಕಷ್ಟಿದೆ, ಯಾಕಂದರೆ ಹೆಡ್ಡು ತಟ್ಟೆಯ ಮೇಲಿರುವುದಿಲ್ಲ. ತಿರುಗುತ್ತಿರುವಾಗ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ, ಒಂದು ಕೂದಲು ಅದರ ಹತ್ತು ಸಾವಿರ ಪಟ್ಟು ದಪ್ಪ. ಆಗ ಬಿದ್ದರೆ ಮುಗೀತು.

ಡೇಟಾ ತೆಗೆದುಕೊಡುವವರ ಹತ್ತಿರ ಹೋದೆ. ಅವರು ಹೇಳಿದ ಮೊತ್ತದಲ್ಲಿ ಅಂಥ ಡಿಸ್ಕು ಹಲವಾರು ಬರುತ್ತಿದ್ದವು, ಆದರೂ ಕೊಟ್ಟೆ, ಅರ್ಧದಷ್ಟು ಫೋಟೋ ಸಿಕ್ಕವು. ಮಗಳು ಮೊದಲ ಸಲ ನಡೆದ ವಿಡಿಯೋ ಆ ಅರ್ಧದಲ್ಲಿ ಇರಲಿಲ್ಲ. ವಾರಂಟಿ ಇತ್ತಲ್ಲ ಅಂತ ಕೇಳಬೇಡಿ. ವಾರಂಟಿಯಲ್ಲಿ ಕೊಡೋದು ಖಾಲಿ ಡಿಸ್ಕು, ಅದೂ ದೋಷ ಅವರದಾಗಿದ್ದರೆ.

ಮೂರನೇಪೋರ್ಟ್:

ಮೇಲಿನವರ ಮಾತು ಸರಿ. ಆದರೆ ಪ್ರಶ್ನೆಯಲ್ಲಿದ್ದ ನಾಲ್ಕನೇ ವಿಷಯವನ್ನು ಯಾರೂ ಮುಟ್ಟಲಿಲ್ಲ. ನಾನು ವಾಪಸ್ ಕಳಿಸೋದಾದರೆ ಅದೊಂದೇ ಕಾರಣಕ್ಕೆ ಕಳಿಸುತ್ತೇನೆ. ಡಿಸ್ಕ್ ನಡುವೆ ಮಾಯವಾಗುವುದು ಒಳ್ಳೆಯ ಲಕ್ಷಣ ಅಲ್ಲ. ಆದರೆ ಹತ್ತರಲ್ಲಿ ಎಂಟು ಸಲ ತಪ್ಪು ಕೇಬಲ್‌ನದೋ ಪೋರ್ಟ್‌ನದೋ ಆಗಿರುತ್ತದೆ ಅನ್ನೋದು ನನ್ನ ಅನುಭವ.

ನಿಮ್ಮದು ಆ ಅಗಲವಾದ, ಎರಡು ತುಂಡು ಜೋಡಿಸಿದ ಹಾಗೆ ಕಾಣುವ ಕನೆಕ್ಟರ್ ಇರಬೇಕಲ್ವಾ, ಮೈಕ್ರೋ-ಬಿ? ಅದು ಮಹಾ ನಾಜೂಕು. ಚುಚ್ಚಿದ ಮೇಲೆ ಬೆರಳಲ್ಲಿ ಬಹಳ ಮೆಲ್ಲಗೆ ಎಡಬಲ ಅಲ್ಲಾಡಿಸಿ, ಆ ಹೊತ್ತಿಗೆ ಏನೂ ಕಾಪಿ ಆಗುತ್ತಿರಬಾರದು. ಕೊಂಚ ಅಲ್ಲಾಡಿದರೂ ಕಡಿದು ಹೋದರೆ ಬೇರೆ ಕೇಬಲ್ ಹಾಕಿ ನೋಡಿ. ಹೊಸ ಕೇಬಲ್‌ನಲ್ಲೂ ಹಾಗೇ ಆದರೆ ಡಿಸ್ಕಿನ ಸಾಕೆಟ್ಟೇ ಸಡಿಲ, ಯೋಚನೆ ಮಾಡದೆ ವಾಪಸ್ ಕಳಿಸಿ.

ಕೇಬಲ್ ಬದಲಿಸುವಾಗ ಒಂದು ತಮಾಷೆ ಇದೆ. ಹಳೇ ಫೋನುಗಳ ಮೈಕ್ರೋ ಯುಎಸ್‌ಬಿ ಕೇಬಲ್ ಇದೆಯಲ್ಲ, ಅದು ಈ ಸಾಕೆಟ್ಟಿನ ದೊಡ್ಡ ಭಾಗಕ್ಕೆ ಸರಿಯಾಗಿ ಕೂರುತ್ತದೆ, ಡಿಸ್ಕೂ ಓಡುತ್ತದೆ. ಆದರೆ ಯುಎಸ್‌ಬಿ 2 ಲೆಕ್ಕದಲ್ಲಿ, ಸೆಕೆಂಡಿಗೆ 35-40 ಎಂಬಿ ಮೀರಲ್ಲ. ನಮ್ಮ ಆಫೀಸಿನಲ್ಲಿ ಒಬ್ಬರು ಎರಡು ತಿಂಗಳು ಹಾಗೇ ಬಳಸಿ ಡಿಸ್ಕನ್ನು ಬಯ್ಯುತ್ತಿದ್ದರು.

ಆಮೇಲೆ ಕರೆಂಟು. ಯುಎಸ್‌ಬಿ 3 ಪೋರ್ಟ್ 900 ಮಿಲಿಆಂಪ್ ಕೊಡಬೇಕು, ಯುಎಸ್‌ಬಿ 2 ಆದರೆ 500. ತಟ್ಟೆ ತಿರುಗಲು ಶುರುವಾಗುವ ಗಳಿಗೆಯಲ್ಲಿ ಡಿಸ್ಕು ಜಾಸ್ತಿ ಎಳೆಯುತ್ತದೆ. ಒಂದೇ ಯುಎಸ್‌ಬಿ ಹಬ್‌ಗೆ ಮೌಸು, ಕೀಬೋರ್ಡು, ಪೆನ್‌ಡ್ರೈವ್ ಎಲ್ಲ ಚುಚ್ಚಿ ಇದನ್ನೂ ಚುಚ್ಚಿದರೆ ಸಾಲದೇ ಹೋಗಬಹುದು. ನೇರ ಲ್ಯಾಪ್‌ಟಾಪ್‌ಗೇ ಹಾಕಿ, ಎಕ್ಸ್‌ಟೆನ್ಷನ್ ಕೇಬಲ್ ಬೇಡ. ಹಾಗೇ, ವೈರ್‌ಲೆಸ್ ಮೌಸಿನ ಡಾಂಗಲ್ ಪಕ್ಕದ ಪೋರ್ಟಿನಲ್ಲೇ ಇದ್ದು, ಡಿಸ್ಕ್ ಓಡುವಾಗ ಮೌಸ್ ಎಳೆದೆಳೆದು ಓಡಿದರೆ ಗಾಬರಿ ಬೇಡ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್‌ಗೆ ಅಡ್ಡ ಬರುತ್ತದೆ. ಡಾಂಗಲನ್ನು ಆಚೆ ಬದಿಗೆ ಹಾಕಿ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸುವ ಒಂದು ಉಚಿತ ಸಾಫ್ಟ್‌ವೇರ್ ಇದೆ, ಹಾಕಿ. ಅದರಲ್ಲಿ 05, ಸಿ5, ಸಿ6 (ಕೆಟ್ಟ ಜಾಗಗಳ ಲೆಕ್ಕ), ಸಿ7 (ಸಂಪರ್ಕದ ತಪ್ಪುಗಳ ಲೆಕ್ಕ) ಈ ನಾಲ್ಕು ಸಾಲಿನ ಕೊನೆಯ ಅಂಕಿ ಎಷ್ಟಿದೆ ನೋಡಿ ಇಲ್ಲಿ ಹಾಕಿ. ಸಿ7 ಏರಿದ್ದರೆ ಕೇಬಲ್ ಅಂತ ಖಾತ್ರಿಯಾಗುತ್ತದೆ.

ಹಳೇತಟ್ಟೆ:

ಒಂದು ಸಣ್ಣ ತಿದ್ದುಪಡಿ ಗುರುಗಳೇ. ಸಿ7 ಎಣಿಸೋದು ಡಬ್ಬಿಯೊಳಗೆ ಡಿಸ್ಕಿಗೂ ಯುಎಸ್‌ಬಿ ಚಿಪ್ಪಿಗೂ ನಡುವಿನ ಸಂಪರ್ಕದ ತಪ್ಪುಗಳನ್ನು. ಹೊರಗಿನ ಯುಎಸ್‌ಬಿ ಕೇಬಲ್ ಕೆಟ್ಟರೆ ಅದು ಅಲ್ಲಿ ಕಾಣಲ್ಲ. ಕಂಪ್ಯೂಟರ್ ಒಳಗೆ ನೇರ ಜೋಡಿಸಿದ ಡಿಸ್ಕಾಗಿದ್ದರೆ ನೀವು ಹೇಳಿದ್ದು ಸರಿ. ಇಲ್ಲಿ ಸಿ0 ನೋಡಲಿ, ಕರೆಂಟು ಹಠಾತ್ತಾಗಿ ಹೋಗಿ ಹೆಡ್ಡು ಗಡಿಬಿಡಿಯಲ್ಲಿ ವಾಪಸ್ ಓಡಿದ ಲೆಕ್ಕ ಅಲ್ಲಿರುತ್ತದೆ.

ಮೂರನೇಪೋರ್ಟ್:

ಹೌದು, ಒಪ್ಪಿದೆ. ಕಂಪ್ಯೂಟರ್ ರಿಪೇರಿಯ ಅಭ್ಯಾಸದಲ್ಲಿ ಬರೆದುಬಿಟ್ಟೆ.

ಅರ್ಧಚಾರ್ಜ್:

ಇಷ್ಟು ಬೇಗ ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್. ನೋಡಿದೆ. 05 ಸೊನ್ನೆ, ಸಿ5 ಸೊನ್ನೆ, ಸಿ6 ಸೊನ್ನೆ, ಸಿ7 ಸೊನ್ನೆ. ಸಿ0 ಮಾತ್ರ 9 ಅಂತಿದೆ. ನಾನು ಎಜೆಕ್ಟ್ ಮಾಡದೆ ಕಿತ್ತದ್ದು ಒಂದೆರಡು ಸಲ ಇರಬಹುದು, ಒಂಬತ್ತು ಅಂತೂ ಅಲ್ಲ. ಬಿಸಿ 44 ಡಿಗ್ರಿ ತೋರಿಸುತ್ತಿದೆ, ಅದು ಸರಿಯಾ?

ಜಿಪ್ ಪ್ರಯೋಗವನ್ನೂ ಮಾಡಿದೆ. 20 ಜಿಬಿಯ ಒಂದೇ ಫೈಲು 115-120ರಲ್ಲಿ ಹೋಯಿತು, ಎಲ್ಲೂ ನಿಲ್ಲಲಿಲ್ಲ.

ಕೇಬಲ್ ಅಲ್ಲಾಡಿಸಿದೆ. ಡಿಸ್ಕಿನ ಕಡೆ ಏನೂ ಆಗಲಿಲ್ಲ. ಲ್ಯಾಪ್‌ಟಾಪ್ ಕಡೆ ತುದಿ ಸ್ವಲ್ಪ ಕೆಳಗೆ ಒತ್ತಿದ್ದೇ ತಡ, ದೀಪ ಆರಿತು. ಬಲಗಡೆ ಪೋರ್ಟಿಗೆ ಹಾಕಿದರೆ ಏನು ಒತ್ತಿದರೂ ಆರುತ್ತಿಲ್ಲ.

ಅಂದರೆ ನನ್ನ ಲ್ಯಾಪ್‌ಟಾಪಿನ ಎಡಗಡೆ ಪೋರ್ಟೇ ಸಡಿಲ. ನಾಲ್ಕು ವರ್ಷದಿಂದ ಪೆನ್‌ಡ್ರೈವ್ ಚುಚ್ಚಿ ಕಿತ್ತು ಚುಚ್ಚಿ ಕಿತ್ತು ಮಾಡಿದ್ದೇನೆ, ಪಾಪ.

ಮೂರನೇಪೋರ್ಟ್:

ನೋಡಿದಿರಾ! ಡಿಸ್ಕಿನ ತಲೆ ಮೇಲೆ ಹೊರಿಸಿ ಕಳಿಸುತ್ತಿದ್ದಿರಿ, ಹೊಸದು ಬಂದಾಗ ಅದೂ ಮಾಯವಾಗುತ್ತಿತ್ತು. 44 ಡಿಗ್ರಿ ಪರವಾಗಿಲ್ಲ. ಫ್ಯಾನಿಲ್ಲದ ಪ್ಲಾಸ್ಟಿಕ್ ಡಬ್ಬಿ, ಉದ್ದ ಕಾಪಿ ಮಾಡುವಾಗ ಅಷ್ಟಾಗುತ್ತದೆ. ಹಾಸಿಗೆ, ದಿಂಬಿನ ಮೇಲಿಟ್ಟು ಓಡಿಸಬೇಡಿ ಅಷ್ಟೇ. 55 ದಾಟಿದರೆ ನಿಲ್ಲಿಸಿ ತಣ್ಣಗಾಗಲು ಬಿಡಿ.

ತೂಕದಕಲ್ಲು:

ತಡವಾಗಿ ಬರುತ್ತಿದ್ದೇನೆ. ಸೊನ್ನೆಗಳು ಚೆನ್ನಾಗಿವೆ, ಆದರೆ ಹೊಸ ಡಿಸ್ಕಿನ ಸೊನ್ನೆಗೆ ಅಷ್ಟೇನೂ ಅರ್ಥ ಇಲ್ಲ. ಇನ್ನೂ ಮುಟ್ಟದ ಜಾಗದಲ್ಲಿ ಏನಿದೆ ಅಂತ ಅದಕ್ಕೇ ಗೊತ್ತಿಲ್ಲ. ವಾಪಸ್ ಅವಧಿ ಮುಗಿಯುವ ಮೊದಲು ಒಂದು ಸಲ ತುದಿಯಿಂದ ತುದಿಗೆ ತುಂಬಿಸಿ, ಪೂರ್ತಿ ಓದಿಸಿ. ಎಚ್2ಟೆಸ್ಟ್‌ಡಬ್ಲ್ಯೂ ಅಂತ ಹಳೇ ಪುಟ್ಟ ಪ್ರೋಗ್ರಾಂ ಇದೆ, ಇದೇ ಕೆಲಸ ಮಾಡುತ್ತದೆ. ಲಿನಕ್ಸ್, ಮ್ಯಾಕ್‌ನವರಿಗೆ ಎಫ್3 ಇದೆ. ಡಿಸ್ಕು ಖಾಲಿ ಇರಬೇಕು. 2 ಟಿಬಿ ಬರೆಯಲು ಆರು ಗಂಟೆ, ಓದಲು ಮತ್ತೆ ಅಷ್ಟೇ ಅಂದುಕೊಳ್ಳಿ. ಶುರುವಿನಲ್ಲಿ 125 ಇದ್ದದ್ದು ಕೊನೆಗೆ 60ಕ್ಕೆ ಬರುತ್ತದೆ, ಅದೂ ಸಹಜ. ತಟ್ಟೆಯ ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಜಾಸ್ತಿ ಹಿಡಿಸುತ್ತದೆ, ಒಳಕ್ಕೆ ಹೋದಂತೆ ಕಡಿಮೆ. ಮುಗಿದ ಮೇಲೆ ಮತ್ತೆ 05, ಸಿ5 ನೋಡಿ. ಆಗಲೂ ಸೊನ್ನೆ ಇದ್ದರೆ ಆ ಸೊನ್ನೆಗೆ ಬೆಲೆ. ಒಂದೇ ಒಂದು ಬಂದಿದ್ದರೂ ಹೊಸ ಡಿಸ್ಕನ್ನು ನಾನಂತೂ ಇಟ್ಟುಕೊಳ್ಳಲ್ಲ.

ಇದೇ ಪರೀಕ್ಷೆಯಲ್ಲಿ ಮೋಸದ ಡಿಸ್ಕುಗಳೂ ಸಿಕ್ಕಿಬೀಳುತ್ತವೆ. 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಅಂತ ನಂಬಲಾಗದ ಬೆಲೆಗೆ ಮಾರುತ್ತಾರಲ್ಲ, ಒಳಗೆ ಒಂದು ಮೆಮೊರಿ ಕಾರ್ಡು ಅಂಟಿಸಿರುತ್ತಾರೆ. ನಿಮ್ಮದು ಅಂಥದ್ದಲ್ಲ ಬಿಡಿ, ಟಿಕ್ ಅನ್ನುತ್ತಿದೆಯಲ್ಲ, ಮೆಮೊರಿ ಕಾರ್ಡು ಟಿಕ್ ಅನ್ನಲ್ಲ.

ಫಾರ್ಮ್ಯಾಟ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ) ವಿಷಯ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ವಿಂಡೋಸ್ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್ ಇರಲಿ, ನಡುವೆ ಕಡಿದು ಹೋದರೂ ಫೋಲ್ಡರ್ ಪಟ್ಟಿ ಸುಲಭಕ್ಕೆ ಕೆಡಲ್ಲ. ಮ್ಯಾಕ್‌ನಲ್ಲೂ ಬರೆಯಬೇಕಾದರೆ ಎಕ್ಸ್‌ಫ್ಯಾಟ್, ಯಾಕಂದರೆ ಮ್ಯಾಕ್ ಎನ್‌ಟಿಎಫ್‌ಎಸ್‌ನಿಂದ ಓದುತ್ತದೆ, ಬರೆಯಲ್ಲ. ಎಕ್ಸ್‌ಫ್ಯಾಟ್‌ಗೆ ಆ ರಕ್ಷಣೆ ಇಲ್ಲ, ಎಜೆಕ್ಟ್ ಮಾಡದೆ ಕೀಳುವ ಅಭ್ಯಾಸ ಇದ್ದರೆ ಅಲ್ಲೇ ಏಟು ಬೀಳೋದು. ಫ್ಯಾಟ್32 ಬೇಡವೇ ಬೇಡ, 4 ಜಿಬಿ ದಾಟಿದ ಫೈಲನ್ನು ತಗೊಳ್ಳಲ್ಲ.

ಪಾಸ್‌ವರ್ಡ್ ಹಾಕೋ ಸಾಫ್ಟ್‌ವೇರ್ ಡಿಸ್ಕಿನ ಜೊತೆಗೇ ಬಂದಿದ್ದರೆ ಸ್ವಲ್ಪ ಯೋಚಿಸಿ. ಕೆಲವು ಮಾಡೆಲ್‌ಗಳಲ್ಲಿ ಬೀಗ ಇರೋದು ಯುಎಸ್‌ಬಿ ಚಿಪ್ಪಿನಲ್ಲಿ. ಆ ಚಿಪ್ ಸುಟ್ಟರೆ ತಟ್ಟೆ ಚೆನ್ನಾಗಿದ್ದರೂ ಡೇಟಾ ಓದೋಕಾಗಲ್ಲ. ಇನ್ನು ಕೆಲವದರಲ್ಲಿ ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಡಬ್ಬಿ ಬಿಚ್ಚಿ ಬೇರೆ ಕಡೆ ಹಾಕಿ ನೋಡೋಣ ಅಂದರೂ ಆಗಲ್ಲ. ಕಾಗದಪತ್ರ ಇರೋದರಿಂದ ಬೀಗ ಬೇಕೇ ಬೇಕು ಅನ್ನಿಸಿದರೆ ಬಿಟ್‌ಲಾಕರ್ ಅಥವಾ ವೆರಾಕ್ರಿಪ್ಟ್ ಬಳಸಿ, ಆಗ ಬೀಗ ನಿಮ್ಮ ಕೈಯಲ್ಲಿರುತ್ತದೆ. ಬೀಗದ ಕೈಯನ್ನು ಅದೇ ಡಿಸ್ಕಿನೊಳಗೆ ಇಡಬೇಡಿ. ನಗಬೇಡಿ, ಇಟ್ಟವರನ್ನು ನೋಡಿದ್ದೇನೆ.

ಬೆರಳುಗಾತ್ರ:

ಇಷ್ಟೆಲ್ಲ ಕಸರತ್ತು ಯಾಕೆ, ಎಸ್‌ಎಸ್‌ಡಿ ತಗೊಳ್ಳಿ ಅಂತ ಹೇಳೋಕೆ ಬಂದೆ. ಬಿದ್ದರೆ ಹೆಡ್ಡು ಇಲ್ಲ, ತಟ್ಟೆ ಇಲ್ಲ, ಸೆಕೆಂಡಿಗೆ 500ರಿಂದ 1000 ಎಂಬಿ. ನಾನು ವಿಡಿಯೋ ಎಡಿಟ್ ಮಾಡೋದು ನೇರ ಅದರ ಮೇಲೇ. ಹಾರ್ಡ್ ಡಿಸ್ಕಿನ ಮೇಲೆ ಇದನ್ನು ಮಾಡಿ ನೋಡಿ, ಗಡ್ಡ ಬೆಳೆಯುತ್ತದೆ.

ಹಳೇತಟ್ಟೆ:

ನಿಮ್ಮ ಕೆಲಸಕ್ಕೆ ಅದೇ ಸರಿ, ವಾದ ಇಲ್ಲ. ಆದರೆ ಇವರು ಕೇಳಿದ್ದು ಫೋಟೋ, ಕಾಗದಪತ್ರ ಇಡೋಕೆ. ವಾರಕ್ಕೆ ನಾಲ್ಕು ಸಲ ತೆರೆದು ನೋಡುವುದಕ್ಕೆ 1000 ಎಂಬಿ ಬೇಡ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಕರೆಂಟಿಲ್ಲದೆ ಬೀರುವಿನಲ್ಲಿ ಇಡೋದೂ ಒಳ್ಳೇದಲ್ಲ. ಬರೆಯುವ ಆಯಸ್ಸು ಪೂರ್ತಿ ಸವೆದ ಮೇಲೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಯಬೇಕು ಅನ್ನುವುದಷ್ಟೇ ಚಿಪ್ಪುಗಳಿಗೆ ಮಾನದಂಡ ಹಾಕುವ ಸಂಸ್ಥೆಯಾದ ಜೆಡೆಕ್‌ನವರ ಮಾನದಂಡ. ಹೊಸದರಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಉಳಿಯುತ್ತದೆ, ಒಪ್ಪುತ್ತೇನೆ. ನಾನು ಹೇಳೋದಿಷ್ಟೇ, ಒಂದು ದೊಡ್ಡ ಎಸ್‌ಎಸ್‌ಡಿ ಬೆಲೆಗೆ ಎರಡು ಹಾರ್ಡ್ ಡಿಸ್ಕ್ ಬರುವ ಹಾಗಿದ್ದರೆ ಇವರಿಗೆ ಎರಡು ಡಿಸ್ಕೇ ವಾಸಿ. ಕಾಲುತಗುಲಿ ಅವರ ಪ್ರಶ್ನೆಗೂ ಅದೇ ಉತ್ತರ.

ಕಾಲುತಗುಲಿ:

ಎರಡನೇದನ್ನು ಅದೇ ಬ್ಯಾಗಿನಲ್ಲಿ ಇಡಬೇಡಿ. ಆಗಾಗ ನೆಂಟರ ಮನೆಗೋ ಆಫೀಸಿನ ಡ್ರಾಯರಿಗೋ ಹೋಗಿ ಬರಲಿ.

ಅರ್ಧಚಾರ್ಜ್:

ಕೊನೇ ವರದಿ. ಮೊನ್ನೆ ರಾತ್ರಿ ಆ ಪರೀಕ್ಷೆ ಶುರು ಮಾಡಿ ಮಲಗಿದೆ. ಬೆಳಿಗ್ಗೆ ನೋಡಿದರೆ 40 ನಿಮಿಷಕ್ಕೇ ನಿಂತಿದೆ, ಯಾಕಂದರೆ ಲ್ಯಾಪ್‌ಟಾಪೂ ನನ್ನ ಜೊತೆ ಮಲಗಿಬಿಟ್ಟಿತ್ತು. ಸ್ಲೀಪ್ ಆಫ್ ಮಾಡಿ ಮತ್ತೆ ಹಾಕಿದೆ. ಒಟ್ಟು ಹನ್ನೆರಡೂಕಾಲು ಗಂಟೆ, ಕೊನೆಯಲ್ಲಿ 58 ಎಂಬಿಗೆ ಬಂದಿತ್ತು, ತಪ್ಪು ಒಂದೂ ಇಲ್ಲ. 05, ಸಿ5 ಈಗಲೂ ಸೊನ್ನೆ. ಬಲಗಡೆ ಪೋರ್ಟಿನಲ್ಲಿ ಒಂದು ಸಲವೂ ಕಡಿಯಲಿಲ್ಲ, ಸಿ0 ಒಂಬತ್ತರಲ್ಲೇ ನಿಂತಿದೆ.

ಇಟ್ಟುಕೊಂಡೆ. ಫೋಟೋಗಳನ್ನು ಫೋಲ್ಡರ್ ಫೋಲ್ಡರ್ ಆಗಿ, ನಡುವೆ ಉಸಿರಾಡಲು ಬಿಟ್ಟು ಹಾಕಿದೆ, ಸೊನ್ನೆಗೆ ಇಳಿದದ್ದು ಎರಡೇ ಸಲ. ಮೇಜಿನ ಮೇಲೆ ಗೋಡೆಯ ಕಡೆಗೆ ಒತ್ತರಿಸಿ ಇಟ್ಟಿದ್ದೇನೆ, ಕೇಬಲ್ ಮೇಜಿನ ಹಿಂದಿನಿಂದ ಬರುತ್ತದೆ, ಯಾರ ಕಾಲಿಗೂ ಸಿಗಲ್ಲ. ಎರಡನೇ ಡಿಸ್ಕ್ ಮುಂದಿನ ತಿಂಗಳು. ಅಲ್ಲಿಯವರೆಗೆ ಲ್ಯಾಪ್‌ಟಾಪ್‌ನಿಂದ ಏನನ್ನೂ ಅಳಿಸಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ, ಕಾಲುತಗುಲಿ ಅವರ ಕಥೆ ಅವಳಿಗೂ ಓದಿ ಹೇಳಿದೆ.

ಹಾಗಾಗಿ ಸದ್ಯಕ್ಕೆ ಕೆಂಪು ಗೆರೆ ಇದ್ದಲ್ಲೇ ಇದೆ, 9 ಜಿಬಿ ಬಾಕಿ.